ಜೊಂಡು ತಿಂದ ಎಮ್ಮೆ

ಕಮಠಾಣದ ಆಚೆ ಕೆಂಪುಕಲ್ಲು ತೆಗೆದು ಬಿಟ್ಟ ಹಳೇ ಗಣಿಯೊಂದರ ಹೊಂಡವಿತ್ತು. ಅದರ ನೀರಿಗೆ ಸೀಸ ಸೇರಿತ್ತು. ಜೊಂಡುಹುಲ್ಲು ಆ ಸೀಸವನ್ನು ಹೀರಿಕೊಳ್ಳುತ್ತದೋ ಇಲ್ಲವೋ ನೋಡೋಣ ಅಂತ ನನ್ನ ಸಂಶೋಧನೆಗಾಗಿ ದಂಡೆಯುದ್ದಕ್ಕೂ ನಾನೇ ನಿಂತು ಜೊಂಡು ನೆಡಿಸಿದ್ದೆ. ಅದು ಬರದ ವರ್ಷ. ಅರ್ಧ ಊರು ಕೂಲಿಗೆಂದು ಹೈದರಾಬಾದಿಗೆ ಹೋಗಿತ್ತು. ಸುತ್ತಮುತ್ತ ಹಸಿರು ಅಂತ ಇದ್ದದ್ದು ನನ್ನ ಜೊಂಡು ಒಂದೇ.

ಹೊಂಡಕ್ಕೆ ಹೋದಾಗಲೆಲ್ಲ ಹತ್ತಿರದ ಮನೆಯ ಕಾಶಿಬಾಯಿ ಗಟ್ಟಿ ಹಾಲಿನ ಚಹಾ ಕೊಡುತ್ತಿದ್ದರು. ಇಂಥ ಬರದಲ್ಲೂ ಎಂಥ ಹಾಲು ಅಂತ ನಾನು ಹೊಗಳಿ ಹೊಗಳಿ ಕುಡಿಯುತ್ತಿದ್ದೆ. ಒಂದು ದಿನ ಹಿತ್ತಲಿಗೆ ಹೋಗಿ ನೋಡಿದರೆ, ಅವರ ಎಮ್ಮೆಯ ಮುಂದೆ ನನ್ನ ಜೊಂಡೇ ಬಿದ್ದಿದೆ!

“ಅಕ್ಕಾ, ಇದರಾಗ ವಿಷ ಇರ್ತದರಿ! ಹಾಲಿಗೂ ಬರ್ತದ!”

“ನೀವು ಎರಡೆರಡು ಕಪ್ ಕೇಳಿ ಕುಡದೀರಲ್ರಿ ಸರ, ಏನಾಗ್ಯದ?” ಅಂತ ಕಾಶಿಬಾಯಿ ನಕ್ಕರು. ಆಮೇಲೆ ಆ ನಗು ನಿಂತಿತು. “ಮತ್ತ ಎಮ್ಮಿ ಏನ್ ತಿನ್ನಬೇಕ್ರಿ? ಇದರ ಸಲುವಾಗೇ ಊರಾಗ ಉಳದೀನಿ. ಇದನ್ನ ಮಾರಿದ್ರ ನಾನೂ ಹೈದ್ರಾಬಾದ್ ಗಾಡಿ ಹತ್ತೋದೇ.”

ಹಾಗಂದರೂ ಅವತ್ತೇ ಜೊಂಡನ್ನೆಲ್ಲ ಎತ್ತಿ ಹೊರಗೆ ಹಾಕಿದರು. ಮರುದಿನ ನನ್ನ ಮುಂದೆ ಬಂದದ್ದು ಕರಿ ಚಹಾ. “ಎಮ್ಮಿ ಉಪಾಸ ಅದರಿ. ನೀವೂ ಇರ್ರಿ.”

ನಾನು ಕುಡಿದು ಎದ್ದು, ಭಾಲ್ಕಿಯಿಂದ ಜೀಪಿನ ತುಂಬ ಜೋಳದ ಕಣಿಕೆ, ಅಂದರೆ ಒಣ ದಂಟಿನ ಮೇವು, ಹೇರಿಕೊಂಡು ಬಂದೆ. ಕಾಶಿಬಾಯಿ ಒಂದು ದಂಟು ಎತ್ತಿ, ಮೂಸಿ, ನನ್ನ ಮುಖ ನೋಡಿದರು.

“ಇದನ್ನ ತಪಾಸ್ ಮಾಡೀರೇನ್ರಿ?”

ಮಾಡಿರಲಿಲ್ಲ. ಎಮ್ಮೆ ನನ್ನ ರಿಪೋರ್ಟಿಗೆ ಕಾಯಲಿಲ್ಲ. ಮತ್ತೆ ಹಾಲಿನ ಚಹಾ ಬಂದಾಗ ನಾನೂ ಕಾಯಲಿಲ್ಲ.