ಹುಣಸೆಮರದ ನಂಬರು

ಇಂದು ಬೆಳಿಗ್ಗೆ ಸಪ್ತಾಪುರದ ನಮ್ಮ ಓಣಿಗೆ ತಿರುಗುತ್ತಿದ್ದಂತೆ ಹಸಿ ಕಟ್ಟಿಗೆಯ ವಾಸನೆ ಮೂಗಿಗೆ ಬಡಿಯಿತು. ಮನೆಯ ಮುಂದಿನ ಹುಣಸೆಮರ ತುಂಡುತುಂಡಾಗಿ ಬಿದ್ದಿತ್ತು. ಒಂದು ತುಂಡಿನ ಮೇಲೆ ಬಿಳಿ ಬಣ್ಣದ ಹೊಸ ನಂಬರು.

ನಾನು ಸಣ್ಣವಳಿದ್ದಾಗಲೂ ಅದಕ್ಕೆ ನಂಬರಿತ್ತು. ಸರ್ಕಾರದವರು ರಸ್ತೆಬದಿಯ ಮರಗಳನ್ನು ಎಣಿಸಿ ಬರೆದುಹೋಗುತ್ತಿದ್ದರು. ನಮ್ಮಜ್ಜಿಗೆ ಆ ನಂಬರೆಂದರೆ ದೇವರ ಪಟದಷ್ಟೇ ಭಕ್ತಿ. ಶುಕ್ರವಾರ ಹೊಸ್ತಿಲ ಪೂಜೆ ಮುಗಿಸಿ, ಬೆರಳಲ್ಲಿ ಉಳಿದ ಕುಂಕುಮವನ್ನು ಅದಕ್ಕೇ ಹಚ್ಚುತ್ತಿದ್ದಳು. ನಾವು ಕಾಯಿಗೆ ಕಲ್ಲೆಸೆದರೆ ಕಟ್ಟೆಯಿಂದಲೇ ಗದರುತ್ತಿದ್ದಳು: "ನಂಬರ್ ಕಾಣೂದಿಲ್ಲೇನು? ಸರ್ಕಾರದ ಗಿಡ ಐತಿ. ಹಿಡಕೊಂಡು ಹೋಗ್ತಾರ ನೋಡು!"

ಅದೇ ನಂಬಿಕೆಯಲ್ಲಿ, ಹೋದ ವಾರ ಪಾಲಿಕೆಯವರು ಹೊಸ ನಂಬರು ಬರೆಯುವಾಗ ನಮ್ಮವ್ವ ಅವರನ್ನು ಕೂರಿಸಿ ಚಹಾ ಕೊಟ್ಟಿದ್ದಳು. "ಛಲೋ ಆತ್ರಿ, ಇನ್ನ ಯಾರೂ ಮುಟ್ಟಂಗಿಲ್ಲ" ಅಂದಿದ್ದಳು. ಆ ಪುಣ್ಯಾತ್ಮರು ಚಹಾ ಕುಡಿದರು. ಬಾಯಿ ಮಾತ್ರ ಬಿಡಲಿಲ್ಲ!

"ಯಾರನ್ನ ಕೇಳಿ ಕಡದ್ರಿ?" ಎಂದು ಗರಗಸ ಹಿಡಿದವನನ್ನು ಕೇಳಿದೆ.

"ರಸ್ತಾ ಅಗಲ ಮಾಡ್ತಾರ್ರಿ ಅಕ್ಕಾರ. ನಂಬರ್ ಹಾಕಿದ್ದು ಕಡಿಯಾಕ ಅಲ್ಲೇನ್ರಿ?"

ಕಾಯುವ ಗುರುತನ್ನೇ ಕಡಿಯುವ ಗುರುತು ಮಾಡಿದ್ದಾರೆ. ಓಣಿಯಲ್ಲಿ ಒಬ್ಬರಿಗೂ ಹೇಳಬೇಕು ಅನ್ನಿಸಲಿಲ್ಲವೇ ಇವರಿಗೆ?

ಎದುರಿನ ಬೇವಿಗೂ ನಂಬರು ಬಿದ್ದಿದೆ. ಅಂದು ನಂಬರು ಮುಟ್ಟಿದ್ದರೆ ಅಜ್ಜಿ ಕೈಮೇಲೆ ಬಾರಿಸುತ್ತಿದ್ದಳು. ಇಂದು ಸಂಜೆ ನಾನು ಬಣ್ಣ ಅಳಿಸುವ ಥಿನ್ನರಿನಲ್ಲಿ ಅದ್ದಿದ ಅರಿವೆ ಹಿಡಿದು ಬೇವಿನ ನಂಬರನ್ನು ಉಜ್ಜುತ್ತಿದ್ದರೆ, ಅವ್ವ ಬೆನ್ನ ಹಿಂದೆಯೇ ನಿಂತಿದ್ದಳು.

"ಇನ್ನೂ ಕಾಣಾಕತ್ತೈತಿ. ಜೋರ ತಿಕ್ಕು."