ಬೆನ್ನು ತಿರುಗಿಸಿದ ಗೈಕ್ ಸಿಮ್

ಪೆನಾಂಗಿನ ನಮ್ಮ ಬಂದರು ಓಣಿಯಲ್ಲಿ ಕಡಲತಾಯಿ ಮಾಚೊ ದೇವಿಯ ಹಳೆಯ ಗುಡಿಯಿದೆ. ಅದರ ಅಂಗಳದಲ್ಲಿ ಗೈಕ್ ಸಿಮ್ ಕೈಗೊಂಬೆ ಆಡಿಸುತ್ತಿದ್ದಳು. ಬೆಳಗಿನ ಹೊತ್ತು ಮೀನಿನ ಉಂಡೆ ಮಾರುವ ಹೆಂಗಸು. ಕಡಲತಾಯಿಯ ಹುಟ್ಟುಹಬ್ಬ ಬಂದರೆ ಮೊಣಕೈವರೆಗೆ ಸೋಪು ಹಚ್ಚಿ ಉಜ್ಜಿ, ಮೀನಿನ ವಾಸನೆ ಹೋಯಿತೇ ಎಂದು ಮೂಸಿ ನೋಡಿ, ಆಮೇಲೆಯೇ ಗೊಂಬೆಯ ಅಂಗಿಯೊಳಗೆ ಕೈ ತೂರಿಸುವಳು. ಒಂದು ಕಾಲಕ್ಕೆ ನನ್ನ ತರಗತಿಯಲ್ಲಿ ಪಾಠ ಒಪ್ಪಿಸಲು ತಡವರಿಸುತ್ತಿದ್ದ ಹುಡುಗಿ, ಪರದೆಯ ಹಿಂದೆ ಕುಳಿತರೆ ರಾಜ, ಕಳ್ಳ, ಅತ್ತೆ, ಸೊಸೆ ಎಲ್ಲರ ದನಿಯಲ್ಲೂ ಜಗಳವಾಡುವಳು.

ಆ ಆಟ ತಾಯಿಗಾಗಿ. ರಂಗದ ಮುಖ ಗರ್ಭಗುಡಿಯ ಕಡೆಗೇ ಇರಬೇಕು. ನೋಡಲು ಒಂದು ಬೆಕ್ಕೂ ಬಾರದಿದ್ದರೂ ಆಟ ನಿಲ್ಲದು.

ಒಂದು ವರ್ಷ ಗುಡಿಯ ಸಮಿತಿಗೆ ಅಧ್ಯಕ್ಷನಾದವನು ಬೂನ್ ತಾತ್. ಸಿರಿವಂತರು ಸೂಪು ಮಾಡಿ ಕುಡಿಯುವ ಹಕ್ಕಿಯ ಎಂಜಲಿನ ಗೂಡುಗಳನ್ನು ಮಾರಿ ಶ್ರೀಮಂತನಾದವನು. ಅವನು ರಂಗವನ್ನು ಅಂಗಳದಲ್ಲಿ ಹಾಕಿದ್ದ ಹಬ್ಬದ ಔತಣದ ಮೇಜುಗಳ ಕಡೆಗೆ ತಿರುಗಿಸಿ ಮೊಳೆ ಹೊಡೆಸಿದ್ದ.

“ಅಧ್ಯಕ್ಷ್ರೇ, ಇದನ್ನ ತಿರುಗಿಸ್ಬೇಕು. ತಾಯಿಗೆ ಬೆನ್ನು ಹಾಕಿ ಹೆಂಗೆ ಆಡ್ಸೋದು?” ಎಂದಳು ಗೈಕ್ ಸಿಮ್.

“ಅಯ್ಯೋ ಅಕ್ಕಾ, ತಾಯಿ ಏನು ಚೀಟಿ ತಗೊಂಡು ಊಟಕ್ಕೆ ಕೂತಿದಾಳಾ? ಅಜ್ಜನ ಕಾಲದಿಂದ ಇದನ್ನೇ ನೋಡಿ ನೋಡಿ ಅವಳಿಗೂ ಆಕಳಿಕೆ ಬಂದಿರುತ್ತೆ!”

ಏಡಿಯ ಕಾಲು ಚೀಪುತ್ತಿದ್ದವರೆಲ್ಲ ಬಾಯಿ ತುಂಬಿಕೊಂಡೇ ನಕ್ಕರು. ಮೇಜಿನ ಕೆಳಗೆಲ್ಲ ಉಗುಳಿದ ಚಿಪ್ಪು. ಬೂನ್ ತಾತ್ ಉಂಡ ಕೈಯಲ್ಲೇ ಎದ್ದು ಬಂದು, ರಾಜಕುಮಾರಿ ಗೊಂಬೆಯನ್ನು ಎತ್ತಿ, ಮೆಣಸಿನ ರಸ ಸೋರುವ ಬೆರಳುಗಳನ್ನು ಅದರೊಳಗೆ ತುರುಕಿದ.

“ನೋಡ್ರಪ್ಪಾ, ರಾಜಕುಮಾರಿ ಬಿಯರ್ ಬಡಿಸ್ತಾಳೆ!”

ಮೇಜಿನಿಂದ ಮೇಜಿಗೆ ಅದನ್ನು ಕುಣಿಸಿದ. ಕೊನೆಗೆ ಕೈ ಹೊರತೆಗೆದಾಗ ಕೈ ಸ್ವಚ್ಛವಾಗಿತ್ತು. “ನ್ಯಾಪ್‌ಕಿನ್ನೂ ಉಳೀತು ನೋಡಿ” ಎಂದ. ನಾನು ಮೇಜಿನಿಂದ ಎದ್ದು ರಂಗದ ಬಳಿ ಹೋದೆ.

“ಮೇಷ್ಟ್ರೇ, ಇವ್ಳೊಳಗೆ ಇನ್ನು ಕೈ ಹಾಕಕ್ಕಾಗಲ್ಲ. ವಾಕರಿಕೆ ಬರುತ್ತೆ” ಎಂದಳು ಗೈಕ್ ಸಿಮ್.

“ಆಟ ಬಿಟ್ಬಿಡ್ತೀಯೇನಮ್ಮಾ?”

“ಬಿಟ್ರೆ ತಾಯಿಗೆ ಏನಂತ ಹೇಳ್ಲಿ?”

ಅವಳು ರಂಗದ ಹಿಂದಿನ ಬಟ್ಟೆಯನ್ನು ಕಿತ್ತಳು. ಸ್ಟೂಲನ್ನು ಈಚೆಗೆಳೆದು, ಔತಣದವರಿಗೆ ಬೆನ್ನು ಮಾಡಿ ಕುಳಿತು, ಉಳಿದ ಗೊಂಬೆಗಳನ್ನು ಗರ್ಭಗುಡಿಯ ಕಡೆಗೆ ಎತ್ತಿದಳು. ಮೇಜುಗಳಲ್ಲಿದ್ದವರಿಗೆ ಕಂಡದ್ದು ಬೆವರಿಗೆ ಅಂಟಿದ ಅವಳ ಅಂಗಿ ಮಾತ್ರ.

“ಏಯ್! ನಿನ್ ಬೆನ್ನು ನೋಡಕ್ಕಾ ಇಷ್ಟು ಜನ ಬಂದಿರೋದು?” ಎಂದು ಬೂನ್ ತಾತ್ ಕೂಗಿದ.

ಅತ್ತೆ ಗೊಂಬೆಯ ಕೀರಲು ದನಿ ಬಂತು: “ಯಾರೇ ಅದು ಸೊಸೇ, ಬಾಯ್ತುಂಬ ಅನ್ನ ಇಟ್ಕೊಂಡು ಅರಚೋದು? ಹೆತ್ತೋರು ಇದನ್ನೂ ಹೇಳ್ಕೊಡ್ಲಿಲ್ವಾ?”

ಈಗ ನಕ್ಕವರು ಅಡುಗೆಯವರು. ನಾನು ನನ್ನ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಗರ್ಭಗುಡಿಯ ಹೊಸ್ತಿಲ ಪಕ್ಕದಲ್ಲಿ ಹಾಕಿದೆ. ಆಟ ಮುಗಿಯುವವರೆಗೂ ಗೈಕ್ ಸಿಮ್ ತಿರುಗಿ ನೋಡಲಿಲ್ಲ.

ಮರುವರ್ಷ ಸಮಿತಿಯವರು ಅವಳನ್ನು ಕರೆಯಲಿಲ್ಲ; ಹಾಡುವ ಹುಡುಗಿಯರನ್ನೂ ಆಳೆತ್ತರದ ಧ್ವನಿವರ್ಧಕಗಳನ್ನೂ ತರಿಸಿದರು. ಔತಣಕ್ಕೆ ನನ್ನನ್ನು ಕರೆಯಲು ಬೂನ್ ತಾತ್ ಮನೆಗೇ ಬಂದು ಕೈ ಚಾಚಿದ. ಆ ಕೈಯನ್ನು ಹಿಡಿಯಲು ನನ್ನಿಂದಾಗಲಿಲ್ಲ.