ಎಲ್ಲರಿಗೂ ಒಂದೊಂದು ನದಿ ಕೊಟ್ಟ ಮೇಷ್ಟ್ರು

ನಮ್ಮ ಮೊಮ್ಮಗಳು ಫಸ್ಟ್ ಬಂದಳು! ಮೊದಲು ಅದನ್ನ ಬರೆದುಬಿಡ್ತೀನಿ, ಮಿಕ್ಕಿದ್ದು ಆಮೇಲೆ. ನಿನ್ನೆ ಕೋಲಾರದಲ್ಲಿ ಇಂಗ್ಲಿಷ್ ಮಾತಾಡೋ ಸ್ಪರ್ಧೆ ಇತ್ತು. ಇವಳಿನ್ನೂ ಎಂಟನೇ ಕ್ಲಾಸು, ಹತ್ತನೇ ಕ್ಲಾಸಿನ ಮಕ್ಕಳನ್ನೂ ಹಿಂದೆ ಹಾಕಿದಳು. ಡಬ್ಬಿಯಿಂದ ಒಂದು ಚೀಟಿ ಎತ್ತಬೇಕು, ಅದರಲ್ಲಿರೋ ಪದ ಇಟ್ಟುಕೊಂಡು ನಿಂತ ಕಡೆಯೇ ವಾಕ್ಯ ಮಾಡಿ ಹೇಳಬೇಕು. ಇವಳಿಗೆ ಬಂದದ್ದು ಡೋರ್. ಮಳೆ ಬಂದರೆ ನಮ್ಮ ಮನೆ ಬಾಗಿಲು ಉಬ್ಬಿಕೊಳ್ಳುತ್ತೆ, ಅಪ್ಪ ಭುಜ ಕೊಟ್ಟು ನೂಕಬೇಕು, ಒಳಗಿನಿಂದ ಅಜ್ಜಿ ಬೈತಾಳೆ ಅಂತ ಇಂಗ್ಲಿಷಿನಲ್ಲಿ ಹೇಳಿದಳಂತೆ. ಜನವೆಲ್ಲ ನಕ್ಕು ಚಪ್ಪಾಳೆ ತಟ್ಟಿದರು. ನನಗೆ ತಿಳಿದದ್ದು ಡೋರ್, ಫಾದರ್, ಗ್ರಾಂಡ್‌ಮದರ್, ಇಷ್ಟೇ. ಆದರೂ ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನೇ.

ಆಗಲೇ ಪಕ್ಕದಲ್ಲಿ ಕೂತಿದ್ದ ಯಜಮಾನರೊಬ್ಬರು ನಶ್ಯದ ಡಬ್ಬಿ ತೆಗೆದರು. ಆ ಘಾಟು ಮೂಗಿಗೆ ಬಡೀತು ನೋಡಿ... ಅಷ್ಟು ಸಂತೋಷದ ಹೊತ್ತಿನಲ್ಲಿ ಕರೆಯದೇ ನೆನಪಿಗೆ ಬಂದು ನಿಂತರು, ನಮ್ಮ ಇಂಗ್ಲಿಷ್ ಮೇಷ್ಟ್ರು.

ನಾನು ಹುಟ್ಟಿದ್ದು ಗೌನಿಪಲ್ಲಿ ಕಡೆ. ಅವರು ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬರೋರು. ಬರೋರು, ಹೋಗೋರು ಅಂತ ಬರೀತಾ ಇದ್ದೀನಲ್ಲ, ಅದು ನಮ್ಮಪ್ಪ ಕಲಿಸಿದ ಮರ್ಯಾದೆ. ಅವರ ಯೋಗ್ಯತೆಗೆ ಅಲ್ಲ. ಬಂದವರು ಮೂಗಿಗೆ ನಶ್ಯ ಏರಿಸಿ, ಪಂಚೆ ಅಂಚಿನಲ್ಲಿ ಒರೆಸಿಕೊಂಡು, ಬೋರ್ಡಿನ ಮೇಲೆ ಒಂದು ಇಂಗ್ಲಿಷ್ ಪದ ಬರೆದು ಕುರ್ಚಿಗೆ ಒರಗಿಬಿಡೋರು. ಅವರ ಹತ್ತಿರ ಇದ್ದದ್ದು ಮೂರೇ ವಾಕ್ಯ. ಇದು ಇಂಥದ್ದು, ನನ್ನ ಹತ್ತಿರ ಇಂಥದ್ದು ಇದೆ, ನನಗೆ ಇಂಥದ್ದು ಇಷ್ಟ. ಯಾವ ಪದ ಬರೆದರೂ ಅದನ್ನೇ ಈ ಮೂರರೊಳಗೆ ತುರುಕಬೇಕು. ಹಾವು ಅಂತ ಬರೆದ ದಿನ ಕ್ಲಾಸಿಗೆ ಕ್ಲಾಸೇ “ಐ ಹ್ಯಾವ್ ಎ ಸ್ನೇಕ್” ಅಂತ ಕಿರುಚಿದ್ದೀವಿ. ಇನ್ನೊಂದು ದಿನ “ಐ ಹ್ಯಾವ್ ಎ ರಿವರ್”. ಬೋರ್‌ವೆಲ್ ನೀರಿಗೂ ಬಾಯಿಬಾಯಿ ಬಿಡೋ ನಮ್ಮ ಸೀಮೆಯಲ್ಲಿ ಆ ಮಹಾನುಭಾವರು ಪ್ರತಿ ಮಗುವಿಗೂ ಒಂದೊಂದು ನದಿ ಹಂಚಿದರು. ತಾವು ಏನು ಹೇಳ್ತಿದ್ದೀವಿ ಅಂತ ಒಂದು ದಿನವಾದರೂ ಯೋಚನೆ ಮಾಡಿದ್ದರೋ ಇಲ್ಲವೋ!

ನಾನು ಆರನೇ ಕ್ಲಾಸಿನಲ್ಲಿದ್ದಾಗ, ಬೇಸಿಗೆ ಹತ್ತಿರ ಬಂದಿತ್ತು, ಬೋರ್ಡಿನ ಮೇಲೆ ಮ್ಯಾಂಗೋ ಅಂತ ಬರೆದರು. ನಮ್ಮ ಕಡೆ ಮಾವಿನ ಫಸಲನ್ನ ಮರ ಹೂ ಬಿಟ್ಟಾಗಲೇ ವ್ಯಾಪಾರಿಗೆ ಮಾರಿಬಿಡ್ತಾರೆ. ಕೊಟ್ಟ ಮೇಲೆ ಮರ ನಮ್ಮದು, ಕಾಯಿ ಅವನದು. ಗಾಳಿಗೆ ಉದುರಿದ್ದನ್ನ ಎತ್ತಿಕೊಂಡರೂ ನಮ್ಮಮ್ಮ ಕೈ ಮೇಲೆ ಹೊಡೆದು “ಅದಿ ಮನದಿ ಕಾದು” ಅನ್ನೋಳು, ಅದು ನಮ್ಮದಲ್ಲ ಅಂತ. ಮನೆಯಲ್ಲಿ ನಮ್ಮದು ತೆಲುಗು ಮಾತು. ನನ್ನ ಸರದಿ ಬಂದಾಗ ಅದೇ ಬಾಯಿಗೆ ಬಂತು. ಗೊತ್ತಿದ್ದ ಪದಗಳನ್ನ ನಾನೇ ಪೋಣಿಸಿ ಹೇಳಿದೆ: “ದಿ ಮ್ಯಾಂಗೋ ಈಸ್ ಇನ್ ಅವರ್ ಗಾರ್ಡನ್. ಇಟ್ ಈಸ್ ನಾಟ್ ಅವರ್ ಮ್ಯಾಂಗೋ.”

ಹೇಳಿ ಮುಗಿಸಿದಾಗ ಎದೆಯೆಲ್ಲ ಉಬ್ಬಿಹೋಗಿತ್ತು. ಇಂಗ್ಲಿಷಿನಲ್ಲಿ ನಾನು ಹೇಳಿದ ಮೊದಲನೇ ನಿಜ ಅದು.

“ನಿಮ್ಮ ತೋಟದ ಮಾವು ನಿಮ್ಮದಲ್ದೆ ನಮ್ಮಜ್ಜಂದಾ? ಸುಳ್ಳು ಬೊಗಳ್ತೀಯ?” ಅಂತ ಹುಣಸೆ ಬರಲು ತಗೊಂಡು ಬಾರಿಸಿದರು. ಬಾರಿಸಿ, ಮತ್ತೆ ಒಂದು ಚಿಟಿಕೆ ನಶ್ಯ ಏರಿಸಿದರು.

ಅದೇ ಭಾನುವಾರ ಬಗಲಲ್ಲಿ ಚೀಲ ಇಟ್ಟುಕೊಂಡು ನಮ್ಮ ಮನೆ ಮುಂದೆ ಹಾಜರು. ಉಪ್ಪಿನಕಾಯಿಗೆ ಮಾವಿನಕಾಯಿ ಬೇಕಂತೆ. ಅಪ್ಪ ಹೆಗಲ ಮೇಲಿನ ಟವೆಲ್ ಕೈಗೆ ತಗೊಂಡು ನಿಂತರು.

“ಹೂವಿನಲ್ಲೇ ಕೊಟ್ಬಿಟ್ಟಿದ್ದೀವಿ ಸ್ವಾಮಿ. ಕಾಯಿ ನಮ್ದಲ್ಲ. ವ್ಯಾಪಾರಿ ಕಡೆಯೋನು ಕಾವಲಿದ್ದಾನೆ, ಬೇಕಾದ್ರೆ ಅವನನ್ನ ಕೇಳಿಕೊಡ್ತೀನಿ.”

“ಓಹೋ, ಅಪ್ಪ ಮಗಳು ಒಂದೇ ಪಾಠ ಒಪ್ಪಿಸ್ತೀರಲ್ಲಯ್ಯ!”

ಅಪ್ಪನಿಗೆ ಏನೂ ಅರ್ಥವಾಗಲಿಲ್ಲ. ಬಾಗಿಲ ಸಂದಿಯಲ್ಲಿದ್ದ ನನಗೆ ಅರ್ಥವಾಯಿತು. ಮೇಷ್ಟ್ರು ಖಾಲಿ ಚೀಲ ಒದರಿ, ಹೋಗ್ತಾ ಹೋಗ್ತಾ ಅಂದರು: “ಇವಳ ತಲೆಗೆ ಇಂಗ್ಲಿಷ್ ಹತ್ತಲ್ಲ ಕಣಯ್ಯ. ಸುಮ್ನೆ ಯಾಕೆ ಕಳಿಸ್ತೀಯ, ರೇಷ್ಮೆ ಹುಳಕ್ಕೆ ಸೊಪ್ಪು ಹಾಕ್ಕೊಂಡಿರಲಿ.”

ಮನೆಗೆ ಬಂದ ಮೇಷ್ಟ್ರನ್ನ ಬರಿಗೈಲಿ ಕಳಿಸಿದೆನಲ್ಲ ಅಂತ ಅಪ್ಪನಿಗೆ ಮೊದಲೇ ಸಂಕಟ. ಓದಿದೋರು ಹೇಳಿದ ಮೇಲೆ ಇನ್ನೇನು ಅಂತ, ಪರೀಕ್ಷೆ ಮುಗಿದದ್ದೇ ನನ್ನ ಚೀಲ ಗೂಟಕ್ಕೆ ಹಾಕಿದರು. ಅತ್ತು ಗೋಗರೆದೆ. ಅಮ್ಮ ಹಿಪ್ಪುನೇರಳೆ ಸೊಪ್ಪಿನ ಬುಟ್ಟಿ ತಂದು ಮುಂದಿಟ್ಟಳು...

ಆ ಮನುಷ್ಯ ತೀರಿಕೊಂಡು ಎಷ್ಟೋ ವರ್ಷವಾಯಿತಂತೆ. ಪಾಪ ಅನ್ನಬೇಕು, ಬಾಯಿಗೆ ಬರಲ್ಲ. ನನಗೆ ಬರೋ ನಾಲ್ಕು ಇಂಗ್ಲಿಷ್ ಪದವೂ ಅವರ ಬೋರ್ಡಿನದೇ, ಅದು ಇನ್ನೊಂದು ಉರಿ.

ಸಾಯಂಕಾಲ ಮಾಲೂರಿನ ನಮ್ಮ ಮನೆಗೆ ಬಂದ ಮೇಲೆ ಇದನ್ನೆಲ್ಲ ಮೊದಲನೇ ಸಲ ಬಾಯಿ ಬಿಟ್ಟು ಹೇಳಿದೆ.

“ಬಿಡಮ್ಮಾ, ಯಾವ ಕಾಲದ ಮಾತು” ಅಂದ ಮಗ.

“ನೀನು ಬಿಡು. ನಾನು ಬಿಡಲ್ಲ.”

ಮೊಮ್ಮಗಳು ನನ್ನ ಮಂಡಿ ಮೇಲೆ ಗದ್ದ ಇಟ್ಟಳು. “ಅಜ್ಜೀ, ನೀನು ಹೇಳಿದ್ದು ಸರಿಯಾಗೇ ಇತ್ತು ಕಣೇ. ನಾಳೆಯಿಂದ ನನ್ ಜೊತೆ ಕೂತ್ಕೋ, ಕಲಿಸ್ತೀನಿ.”

ಆಗಲಿ ಅಂದೆ. ಕೂರ್ತೀನಿ. ಆದರೆ ಆರನೇ ಕ್ಲಾಸಿನ ಆ ಹುಡುಗಿಯನ್ನ ಎಲ್ಲಿಂದ ಕರಕೊಂಡು ಬರಲಿ... ಅಷ್ಟರಲ್ಲಿ ಸಾರು ಆರುತ್ತೆ ಬನ್ನಿ ಅಂತ ಸೊಸೆ ಕೂಗಿದಳು. ಮಗ ಕೋಳಿ ತಂದಿದ್ದ. ಬಿಸಿ ಮುದ್ದೆ ಇಟ್ಟುಕೊಂಡು ಎಲ್ಲರೂ ಒಟ್ಟಿಗೆ ಕೂತೆವು. ಇವಳು ಸ್ಟೇಜಿನ ಮೇಲೆ ನಿಂತದ್ದು, ಚೀಟಿ ಎತ್ತಿದ್ದು, ಜನ ನಕ್ಕದ್ದು, ಎಲ್ಲವನ್ನೂ ತಿರುಗಾ ಮುರುಗಾ ಹೇಳ್ತಾನೇ ಇದ್ದಳು. ಉಣ್ಣೋವಾಗ ಮಾತಾಡಬಾರದು ಅಂತ ದಿನಾ ಗದರಿಸೋಳು ನಾನು. ನಿನ್ನೆ ಮುದ್ದೆ ತಣ್ಣಗಾದರೂ ಸುಮ್ಮನೆ ಕೇಳ್ತಾ ಕೂತಿದ್ದೆ.